ಒಲೆ, ತಲೆನೋವು

ಓಯಾರ್ಸ್ ಕಟ್ಟುವುದು ಗೋಡೆಯೆತ್ತರದ ಒಲೆ,
ಮೈತುಂಬ ಹಸಿರು ಬಿಲ್ಲೆ. ಒಮ್ಮೆ ಸೌದೆ ಇಟ್ಟರೆ
ಮರುದಿನ ಹೊತ್ತೇರುವವರೆಗೂ ಬೆನ್ನಿಗೆ ಬೆಚ್ಚಗೆ.
ಲಿಯೆಪಾಯದಲ್ಲಿ ಕಡಲಗಾಳಿ ಕಿಟಕಿಸಂದಿಯಲ್ಲೇ ಬಾಡಿಗೆಗಿದೆ,
ಹಾಗಾಗಿ ಕೆಲಸವೇನೋ ಉಂಟು;
ಇಲ್ಲದ್ದು, ಅವನು ಇದ್ದಾನೆಂಬ ಸುದ್ದಿ.

ರೀಗಾದಿಂದ ಬಂದ ಹುಡುಗ ಮಾರೆಕ್ಸ್
ಹುಡುಕುವವರ ಮೊದಲ ಪುಟಕ್ಕೆ ಹತ್ತಿಸುತ್ತೇನೆಂದ.
ತಿಂಗಳಿಗೆ ಮುನ್ನೂರ ನಲವತ್ತು ಯೂರೋ, ಆರು ತಿಂಗಳು.
"ಗಿಟ್ಟುತ್ತದಾ, ಇಂಗೂನಾ?"
ಹದಿನಾಲ್ಕು ವರ್ಷದಿಂದ ಅವನ ಲೆಕ್ಕ ಬರೆಯುವವಳು ನಾನು.
ಅವನ ರಸೀದಿಗಳಿಗೆಲ್ಲ ಜೇಡಿಮಣ್ಣಿನ ಹೆಬ್ಬೆಟ್ಟು.

ಸೂತ್ರ ಸುಲಭ: ಇಣುಕಿದವರೆಷ್ಟು,
ಅವರಲ್ಲಿ ಫೋನು ಮಾಡಿದವರೆಷ್ಟು, ಕುದುರಿದ್ದೆಷ್ಟು,
ಇಟ್ಟಿಗೆ ಮಣ್ಣು ಕಳೆದು ಕೈಗುಳಿದದ್ದೆಷ್ಟು.
ಮೆಟ್ಟಿಲು ಮೆಟ್ಟಿಲಿಗೂ ಜನ ಸೋರಿಹೋಗುತ್ತಾರೆ.

ಆರು ತಿಂಗಳು ಕಳೆದು ಕೂತೆ.
ನಾನೂರ ಹನ್ನೆರಡು ಮಂದಿ. ಮೂವತ್ತೊಂದು ಫೋನು. ನಾಲ್ಕು ಒಲೆ.
ಒಲೆಗೆ ಒಂಬೈನೂರರಂತೆ ಮೂರು ಸಾವಿರದ ಆರುನೂರು;
ಹಾಕಿದ್ದು ಎರಡು ಸಾವಿರದ ನಲವತ್ತು.
"ನೂರಕ್ಕೆ ಎಪ್ಪತ್ತಾರು ಲಾಭ!" ಮಾರೆಕ್ಸ್ ಇಮೇಲಿನಲ್ಲೇ ಕುಣಿದ.

ನಾಲ್ವರಿಗೂ ನಾನೇ ಫೋನು ಮಾಡಿದೆ. ಅದು ನನ್ನ ಚಾಳಿ.
ಇಬ್ಬರು ಹೇಳಿದ್ದು ಒಂದೇ:
ಮೀನಿನಂಗಡಿಯ ಸಾಲಿನಲ್ಲಿ ಸ್ಕೈದ್ರೀತೆ ಮುದುಕಿ
ಪೇಪರಿನ ಅಂಚಿಗೆ ಅವನ ಹೆಸರು ಗೀಚಿಕೊಟ್ಟಳಂತೆ,
ಬರೀ ನಂಬರಿಗಾಗಿ ಹುಡುಕಿದರಂತೆ.
ಹಾಗಾದರೆ ಆ ಎರಡು ಒಲೆ ಯಾರ ಲೆಕ್ಕಕ್ಕೆ?
ಯಂತ್ರಕ್ಕೋ, ಮೊಂಡು ಪೆನ್ಸಿಲಿಗೋ?
ಪೆನ್ಸಿಲಿಗೇ ಬಿಟ್ಟೆ. ಉಳಿದದ್ದು ಸಾವಿರದ ಎಂಟುನೂರು.
ಈಗ ನೂರಕ್ಕೆ ಹನ್ನೆರಡು ನಷ್ಟ.

'ನೀರಿನಲ್ಲಿ ಹೋಮ, ಬಿಟ್ಟುಬಿಡು' ಎಂದು ಕೆಳಗೆ ಬರೆದು ಒಯ್ದೆ.
ಬಕೆಟ್ಟಿನಲ್ಲಿ ಮಣ್ಣು ಕಲಸುತ್ತಿದ್ದ. ತಲೆಯೆತ್ತದೆ ಕೇಳಿದ:
"ಫೆಬ್ರವರಿಯ ಆ ಹುಡುಗಿ ಯಾವ ಸಾಲಿನಲ್ಲಿದ್ದಾಳೆ?"

ಇದ್ದಳು. ಹದಿನೇಳನೆಯ ಕರೆ, ರಾತ್ರಿ ಎರಡೂಮುಕ್ಕಾಲು,
ಹತ್ತೊಂಬತ್ತು ನಿಮಿಷ, ಕುದುರಲಿಲ್ಲ, ಸೊನ್ನೆ.
ಬಾಡಿಗೆಮನೆಗೆ ಹೊಸಬಳು. ಬಿಸಿ ಪೋಲಾಗದಿರಲೆಂದು
ಕೆಂಡ ಆರುವ ಮೊದಲೇ ಹೊಗೆದಾರಿಯ ತಗಡು ಮುಚ್ಚಿದ್ದಳು.
ಅವಳು ಟೈಪು ಮಾಡಿದ್ದು ನಾಲ್ಕು ಪದ:
ಒಲೆ ತಲೆನೋವು ಮಗು ವಾಂತಿ.
ಮೇಲಿನಿಂದ ಮೂರನೆಯದು ಓಯಾರ್ಸ್‌ನ ಹೆಸರು.
ಅವನು ಹೇಳಿದ್ದೂ ನಾಲ್ಕೇ:
ಮಗು ಎತ್ತಿಕೋ. ಹೊರಗೆ ನಡಿ.
ಆಂಬುಲೆನ್ಸಿನ ಸದ್ದು ಕೇಳುವ ತನಕ ಫೋನು ಇಡಲಿಲ್ಲ.

ಒಲೆ ಕಟ್ಟಿಸಲು ಅವಳಲ್ಲಿ ದುಡ್ಡಿಲ್ಲ, ಮನೆಯೂ ಅವಳದಲ್ಲ.
ಈಸ್ಟರಿಗೆ ಒಂದು ಡಬ್ಬಿ ಮೀನು ಕಳಿಸಿದಳು,
ಹೊಗೆಯಲ್ಲಿ ಬೇಯಿಸಿದ್ದು.
"ಎರಡು ಯೂರೋ ಚಿಲ್ಲರೆ. ಆದಾಯಕ್ಕೆ ಸೇರಿಸಲಾ?" ಎಂದೆ.
ಅವನು ನಗಲಿಲ್ಲ.

ಮಾರೆಕ್ಸ್‌ನನ್ನು ಕೇಳಿದೆವು. 'ತಲೆನೋವು' ಔಷಧಿ ಕಂಪನಿಗಳ ಜಹಗೀರು,
ನಮ್ಮಂಥವರು ಅದರ ಹೊಸ್ತಿಲನ್ನೂ ಮುಟ್ಟಲಾಗದು.
'ಒಲೆ ತಲೆನೋವು' ಎರಡೂ ಕೂಡಿದರೆ
ತಿಂಗಳಿಗೆ ಎಪ್ಪತ್ತಕ್ಕೆ ಹಿಡಿದಿಡಬಹುದಂತೆ.
"ಆದರೆ ಚಳಿಗಾಲವಿಡೀ ಹುಡುಕುವವರು ಹತ್ತು ಮಂದಿ,
ಒಬ್ಬರೂ ಗಿರಾಕಿಯಲ್ಲ."
"ಅದೇ ಕೊಡು" ಅಂದ ಓಯಾರ್ಸ್,
ಸಂತೆಯಲ್ಲಿ ಈರುಳ್ಳಿ ಗೊಂಚಲು ತೋರಿಸಿದ ಹಾಗೆ.

ಎಪ್ಪತ್ತು ಯೂರೋ. ಸೌದೆಯ ಕೆಳಗೆ ಬರೆಯಲೋ, ಫೋನಿನ ಕೆಳಗೋ,
ತೆರಿಗೆಯವರು ಕೇಳಿದರೆ ಏನನ್ನಲಿ?
ಎದುರಿನ ಮನೆಯ ತಲೆಬರಹ ಪ್ರತಿಫಲ.
ಸೊನ್ನೆ ಬರೆದೆ, ಅಳಿಸಿದೆ.
ಕಾಗದ ಅಲ್ಲಿ ಸ್ವಲ್ಪ ತೆಳ್ಳಗಾಗಿದೆ.

ಅಕ್ಟೋಬರ್ ಬಂತು. ಚಿಮಣಿಗಳು ಒಂದೊಂದಾಗಿ ಹೊಗೆಯಾಡತೊಡಗಿವೆ.
ದಿಂಬಿನಡಿ ಫೋನಿಟ್ಟುಕೊಂಡು ಮಲಗುತ್ತಾನೆ,
ರಾತ್ರಿಯೆಲ್ಲ ಹೊರಳುತ್ತಾನೆ ಎಂದು
ಅವನ ಹೆಂಡತಿ ನನ್ನ ಹತ್ತಿರ ದೂರುತ್ತಾಳೆ.