ಕಾಯಂ ವಿಳಾಸ

ಗೋಲಿನ ಮುಂದ ಎಲ್ಲೂ ಹುಲ್ಲು ಬೆಳ್ಯೂದಿಲ್ಲ.
ಕಲ್ಕತ್ತಾದಾಗ ಇಲ್ಲ, ಮಲಪ್ಪುರಂದಾಗ ಇಲ್ಲ,
ದಿನಾ ನೀರು ಹೊಡಿಯೋ ಮಡಗಾಂವದಾಗೂ ಇಲ್ಲ.
ಎರಡು ಕಂಬದ ನಡುವ ಎಂಟು ಗಜ ಬೋಳು ನೆಲ,
ನನಗಿಂತ ಮೊದಲು ನಿಂತಾಂವ ತುಳಿದು ತುಳಿದು ಬಿಟ್ಟದ್ದು.

ಹದಿನಾರು ವರ್ಷ. ಒಂಬತ್ತು ಕ್ಲಬ್ಬು.
ಪ್ರತಿ ಕರಾರಿನ ಕಾಗದದಾಗ ಒಂದು ಖಾನೆ: ಕಾಯಂ ವಿಳಾಸ.
ದಾವಲಸಾಬ ನದಾಫ, ಗಾದಿ ಅಂಗಡಿ,
ಇಂಡಿ ಪಂಪಿನ ಹತ್ತರ, ಹಳೇ ಹುಬ್ಬಳ್ಳಿ,
ಅಂತ ಬರೀತಿದ್ದೆ.
ಬರಿಯೋವಾಗ ಕಣ್ಣಿಗೆ ಬರತಿದ್ದದ್ದು ಆ ಎಂಟು ಗಜ.

ಎಂಟು ಗಜ ಬಟ್ಟಿದಾಗ ಅಪ್ಪ ಒಂದು ಜೋಡಿ ಗಾದಿ ಹೊಲೀತಿದ್ದ.
ಬಿಲ್ಲಿನ ತಂತಿ ಝಂಯ್ ಅಂದ್ರ
ಓಣಿ ತುಂಬ ಹತ್ತಿ, ನಮ್ಮ ಹುಬ್ಬಿನ ಮ್ಯಾಲೂ.
ಹೊಲದು ಮುಗಿದದ್ದರ ಮ್ಯಾಲ ನಾ ಬೀಳತಿದ್ದೆ,
ಬಲಕ್ಕ, ಎಡಕ್ಕ, ಅಂಗಾತ.
'ಯಾರದೋ ಮದುವಿ ಗಾದಿ, ಇಳಿಯಲೇ ಕೆಳಗ!'
ಬೀಳೂದು ಕಲತದ್ದು ಅಲ್ಲೇ.

ರೇಲ್ವೆ ಮೈದಾನಕ್ಕ ಹೋದ ಮ್ಯಾಲ ಗೊತ್ತಾತು
ನೆಲದಾಗ ಹತ್ತಿ ಇರೂದಿಲ್ಲಂತ.
ಎರಿ ಮಣ್ಣು. ಬ್ಯಾಸಿಗ್ಯಾಗ ಮೊಣಕೈ ಸೀಳತೈತಿ,
ಮಳಿಗಾಲದಾಗ ಬೂಟು ಹಿಡಕೊಂಡು ಬಿಡೂದಿಲ್ಲ.
ವರ್ಕ್‌ಶಾಪಿನ ಭೋಂಗಾ ಆದ ಮ್ಯಾಲ
ಫಿಟ್ಟರ್ ಬೆನೆಡಿಕ್ಟ್ ಮಾಮಾ ಎಣ್ಣಿಗೈಲೇ ಬರತಿದ್ದ,
ಒದ್ದಿ ಚೆಂಡು ನೂರು ಸಲ ಒಗೀತಿದ್ದ, ಎಣಿಸಿ.
'ಚೆಂಡು ನೋಡಬ್ಯಾಡ. ಒದಿಯಾಂವನ ಸೊಂಟ ನೋಡು.'

ಒಂಬತ್ತರಾಗ ಏಳು ಕಡೆ ನಾ ಎರಡನೇ ಕೀಪರ್.
ಅಂದ್ರೇನು ಗೊತ್ತೇನ್ರಿ?
ಮೊದಲನೇದಾಂವಗ ಜ್ವರ ಬರಲಿ ಅಂತ ಬೇಡಬಾರದು,
ಬರಬಾರದು ಅಂತನೂ ಬೇಡಾಕ ಮನಸ್ಸು ಬರೂದಿಲ್ಲ.
ಮುಂಜಾನೆ ಅವಗ ಚೆಂಡು ಒದ್ದು ಒದ್ದು ಮೈ ಬೆಚ್ಚಗ ಮಾಡೂದು,
ಆಮ್ಯಾಲ ಜಾಕೀಟು, ಕುರ್ಚಿ.
ಶಿಲ್ಲಾಂಗಿನ ಥಂಡಿಯಾಗ ಒಂದು ಸೀಜನ್ ಪೂರಾ ಕುಂತು
ಚೆಂಡು ಮುಟ್ಟದ ಪಗಾರ ತಗೊಂಡೀನಿ.
ಅವ್ವ ಫೋನಿನಾಗ ಕೇಳಾಕಿ, 'ಗೆದ್ದ್ರೇನಪಾ?'
'ಗೆದ್ದಿವಿ.'
ಸುಳ್ಳಲ್ಲ ಅದು.

ಒಂದು ದಿನ ಐತಿ, ಇಲ್ಲಂತಿಲ್ಲ.
ಸಿಲ್ಚಾರ, ಎರಡನೇ ದರ್ಜೆ, ಮಂಜು.
ಮೊದಲನೇದಾಂವನ ಭುಜ ಸರೀತು, ನನ್ನ ಕರದ್ರು.
ಮೂರು ಪೆನಾಲ್ಟಿ ತಡದೆ. ಎರಡು ಅಂಗೈಲೇ.
ಮೂರನೇದು ಕಿರುಬೆರಳಿಗೆ ತಾಗಿ
ಮ್ಯಾಲಿನ ಅಡ್ಡಪಟ್ಟಿಗೆ ಬಡದು
ಝಂಯ್ ಅಂತು.
ಮರುದಿನ ಪೇಪರಿನಾಗ ಹೆಸರು ಬಂದಿತ್ತು: ನಾಡಾರ್.
ಕತ್ತರಿಸಿ ಇಟಗೊಂಡೀನಿ.
ನಾಡಾರ್ ಯಾರೋ, ಛಲೋ ಆಡ್ಯಾನ.
ಬೆರಳು ಮಾತ್ರ ನಂದು. ಇನ್ನೂ ಸೊಟ್ಟ ಐತಿ,
ದಬ್ಬಣ ಹಿಡಿದ್ರ ಜಾರತೈತಿ.

ಮೊನ್ನಿ ನವಲಗುಂದದವರು ಬಂದಿದ್ರು,
ಮಗಳ ಮದುವಿಗೆ ಗಾದಿ.
'ಮೂಲ್ಯಾಗ ಗಟ್ಟಿ ಐತೇನ್ರಿ?'
ಕೈಲೇ ಒತ್ತಿ ತೋರಸೂದು ಅಂಗಡಿ ಪದ್ಧತಿ.
ಏನಾತೋ. ಬಲಗಾಲಿನ ಮ್ಯಾಲ ಭಾರ ಹಾಕಿ ಜಿಗದೆ,
ನಲವತ್ತೊಂದು ವರ್ಷದ ಮೈ ಪೂರಾ ಚಾಚಿ,
ಆ ಕಡೆ ಮೂಲಿಗೆ.
ಹತ್ತಿ ಹಾರಿತು. ಅವರ ಹೆಂಡತಿ 'ಅಯ್ಯ ಶಿವನ' ಅಂದ್ಲು.
ಒಂದು ಗಳಿಗಿ ಹಂಗ ಬಿದ್ದಿದ್ದೆ,
ಎರಡೂ ಕೈ ಎದಿಗೆ ಅವಚಿ, ಕೈಯಾಗ ಏನೂ ಇಲ್ಲ.

ಎದ್ದು ಹುಬ್ಬು ಒರಸಿಕೊಂಡೆ.
ಇನ್ನ ಎರಡು ಕಿಲೋ ಹಾಕಬೇಕ್ರಿ, ಅಂದೆ,
ಅಲ್ಲಿ ನೆಲ ಹತ್ತತೈತಿ.