ಮರಳಿ ಬಂದ ಬನ್ನುಗಳು

ಚಿತ್ರದಲ್ಲಿ ಚೌಕ ತುಂಬಿ ತುಳುಕುತ್ತಿದೆ.
ಕೆಳಗೆ ಪಕ್ಷದ ಪತ್ರಿಕೆಯ ದಪ್ಪ ಅಚ್ಚು:
ಹನ್ನೆರಡು ಸಾವಿರ ಜನ, ಒಂದೇ ಕೊರಳು.
ಮೂವತ್ತಾರನೇ ಇಸವಿ, ವೆರ್ರಾ ನದಿಯ ದಂಡೆಯ ಊರು,
ಜನಗಣತಿಯ ಪ್ರಕಾರ ಕೂಸು ಮುದುಕರು ಸೇರಿ ಏಳು ಸಾವಿರ.

ಡೋರ್ಟೆ ಹಾಕರ್ಟ್ ಭೂತಗನ್ನಡಿ ಹಿಡಿದು ಬಗ್ಗಿದ್ದಾಳೆ.
ದಾಖಲೆಕೋಣೆಯ ಹೀಟರು ಗೊರಕೆ ಹೊಡೆಯುತ್ತಿದೆ.
ಎಡಗಡೆ, ಮಂಡಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಹುಡುಗ.
ಬಲಗಡೆ, ಕಾರಂಜಿಯ ಪಕ್ಕ,
ಅದೇ ಹುಡುಗ, ಅದೇ ಮಂಡಿ, ಅದೇ ಪಟ್ಟಿ.
ಒಬ್ಬನನ್ನೇ ಎರಡು ಸಲ ಅಂಟಿಸಿದ ಕತ್ತರಿಗೆ
ಅವನ ಗಾಯ ಕಾಣಲಿಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂದವರು
ಇಂಥ ಪ್ರತ್ಯಕ್ಷವನ್ನು ಕಂಡಿರಲಿಲ್ಲ.

ಇಷ್ಟು ಸುಲಭಕ್ಕೆ ಸಿಕ್ಕಿಬಿದ್ದಿತಲ್ಲ ಎಂದು
ಅವಳಿಗೆ ಸ್ವಲ್ಪ ಬೇಸರವೇ.
ಯಾಕೆಂದರೆ ಇನ್ನೊಂದು ಕಾಗದವಿದೆ:
ಪ್ರಾಗಿಗೆ ಓಡಿಹೋದ ಯಾರೋ ಸಂಗಾತಿ ಅಚ್ಚು ಹಾಕಿಸಿ
ಚಹಾ ಪೊಟ್ಟಣದಲ್ಲಿ ಕದ್ದು ಕಳಿಸಿದ ಕರಪತ್ರ.
"ಚೌಕ ಖಾಲಿ. ಪಾರಿವಾಳಗಳಿಗೆ ಭಾಷಣ."
ಓದಿದೊಡನೆ ಎದೆ ಹಗುರಾಗುತ್ತದೆ.
ಹಗುರಾದದ್ದಕ್ಕೇ ಅವಳು ಪೆನ್ಸಿಲ್ ಕೆಳಗಿಡುತ್ತಾಳೆ.
ಬರೆದವನು ಅಂದು ಚೌಕದಲ್ಲಿರಲಿಲ್ಲ. ಗಡಿಯಾಚೆ
ಬಾಡಿಗೆ ಕೋಣೆಯಲ್ಲಿ, ಊರು ಹೀಗಿರಲಿ ಎಂದು ಹಂಬಲಿಸುತ್ತಿದ್ದ.
ಶತ್ರುವಿನ ಸುಳ್ಳು ತೂಗಲು ಒಂದು ತಕ್ಕಡಿ ಸಾಕು;
ನಮ್ಮವರದನ್ನು ತೂಗುವಾಗ
ನಮ್ಮ ಬೆರಳೇ ತಟ್ಟೆಯ ಮೇಲಿರುತ್ತದೆ.

ತೊಂಬತ್ತೆಂಟರ ಕ್ಲೋಟಿಲ್ಡೆ ಅಜ್ಜಿಯನ್ನು ಕೇಳಿದಳು.
ಹೂವು ಎಸೆದೆವು, ಅಂದಳು ಅಜ್ಜಿ. ಬಿಸಿಲು ಫಳಫಳ.
ರೈಲ್ವೆ ನಿಲ್ದಾಣದ ಹವಾಮಾನದ ದಿನಚರಿ:
ಹನ್ನೊಂದರಿಂದ ಸಂಜೆವರೆಗೆ ಬಿಡದ ಜಡಿಮಳೆ.
ಅಜ್ಜಿ ಸುಳ್ಳಾಡಲಿಲ್ಲ. ಆ ವರ್ಷ
ಚಿತ್ರಮಂದಿರದ ಸುದ್ದಿಚಿತ್ರದಲ್ಲಿ ನೋಡಿದ ಬಿಸಿಲು
ನೆನಪಿನೊಳಗೆ ಇಳಿದು ಬೆಚ್ಚಗೆ ಕೂತಿದೆ, ಅಷ್ಟೆ.
ಇದೂ ಡೋರ್ಟೆಯ ಊಹೆ. ಪಕ್ಕಕ್ಕೆ ಪ್ರಶ್ನಾರ್ಥಕ ಹಾಕುತ್ತಾಳೆ.

ಕೊನೆಗೆ ಸಿಕ್ಕಿದ್ದು ಬೇಕರಿಯ ರಿಟ್‌ವೆಗರನ ಲೆಕ್ಕದ ಪುಸ್ತಕ,
ಅಂಚಿನಲ್ಲಿ ಬೆಣ್ಣೆಯ ಕಲೆ.
ಪಕ್ಷದ ಕಚೇರಿಗೆ ಬನ್ನು: ನಾಲ್ಕು ಸಾವಿರ.
ಮರಳಿ ಬಂದದ್ದು: ಸಾವಿರದ ನೂರು, ನೆನೆದದ್ದು, ಹಂದಿಗಳಿಗೆ.
ಹಣ: ಬಾಕಿ.
ಯಾರನ್ನೂ ನಂಬಿಸಲು ಬರೆದದ್ದಲ್ಲ ಇದು.
ಚರಿತ್ರೆಗೆ ಕಿವಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.
ಆದರೂ, ವಸೂಲಿಗೆಂದು ಒಂದು ಸೊನ್ನೆ ಸೇರಿಸಿರಬಹುದಲ್ಲ?
ತೆರಿಗೆಯವರಿಗಾಗಿ ಹಂದಿಗಳ ಹೊಟ್ಟೆ ಹಿಗ್ಗಿಸಿರಬಹುದಲ್ಲ?

ಅವಳ ಭಾಷೆಯಲ್ಲಿ ಕೇಳಿದ್ದನ್ನು ಕೇಳಿದ್ದೆಂದೇ ಹೇಳಲು
ಕ್ರಿಯಾಪದ ತುಸು ಮೈ ಬಾಗಿಸುತ್ತದೆ.
ನಮ್ಮಲ್ಲಿ ಎರಡಕ್ಷರ: ಅಂತೆ.
ಅಂತೆಕಂತೆಗಳ ಸಂತೆ ಎಂದು ಅದನ್ನು ಹಂಗಿಸುತ್ತೇವೆ;
ನಿಜಕ್ಕೆ, ಬರೆಯುವವರ ಮಾನ ಕಾಯುವ ಸಣ್ಣ ಅಂಗಿಗುಂಡಿ ಅದು.
'ಸೇರಿದ್ದರು' ಹೊಡೆದುಹಾಕಿ 'ಸೇರಿದ್ದರಂತೆ' ಬರೆಯುತ್ತಾಳೆ.
ಅಡಿಟಿಪ್ಪಣಿ ನಲವತ್ತೇಳು: ಬಹುಶಃ ಮೂರು ಸಾವಿರ.
ಹನ್ನೆರಡು ಅಲ್ಲ. ಸೊನ್ನೆಯೂ ಅಲ್ಲ.
ಮಳೆಯಲ್ಲಿ ತಮ್ಮ ಕಾಲಲ್ಲೇ ನಡೆದು ಬಂದ
ಮೂರು ಸಾವಿರ.

ಪುಸ್ತಕ ಮುಚ್ಚುವಾಗ ಕಂಡದ್ದು ಬೇರೆ:
ಪ್ರತಿ ಶುಕ್ರವಾರ, ಕಾಟ್ಸೆನ್‌ಸ್ಟೈನ್ ಮನೆ, ಬ್ರೆಡ್ಡು ನಾಲ್ಕು, ತಲೆಗೊಂದು.
ಮೇ ತಿಂಗಳವರೆಗೆ. ಆಮೇಲೆ ಆ ಸಾಲಿಲ್ಲ.
ಅವರು ಕೊಳ್ಳುವುದು ಬಿಟ್ಟರೋ, ಇವನು ಮಾರುವುದು ಬಿಟ್ಟನೋ,
ಊರೇ ಬಿಟ್ಟರೋ. ಚಿತ್ರದಲ್ಲಿ
ಅವರ ಅಂಗಡಿಯ ಫಲಕದ ಮೇಲೆ ಒಂದು ಬಾವುಟ.
ಯಾವ ಕಾಗದವೂ ಇದರ ಬಗ್ಗೆ
ಸುಳ್ಳು ಕೂಡ ಹೇಳಿಲ್ಲ.

ಸಂಜೆ ಚೌಕವನ್ನು ಹೆಜ್ಜೆಯಲ್ಲಿ ಅಳೆಯುತ್ತಾಳೆ, ನೆಲ ನೋಡುತ್ತ.
ಹುಡುಗಿಯೊಬ್ಬಳು ಸೈಕಲ್ ನಿಲ್ಲಿಸಿ ಕೇಳುತ್ತಾಳೆ: ಏನಾದರೂ ಕಳೆದಿದೆಯಾ?
ಒಂಬತ್ತು ಸಾವಿರ ಜನ, ಎಂದು ನಗುತ್ತಾಳೆ ಡೋರ್ಟೆ.
ಹುಡುಗಿಯೂ ನಗುತ್ತಾಳೆ, ಪೆಡಲು ತುಳಿಯುತ್ತಾಳೆ.
ಇಲ್ಲ, ನಾಲ್ಕು,
ಅನ್ನುವಷ್ಟರಲ್ಲಿ ಅವಳು ಸೇತುವೆ ದಾಟಿದ್ದಳು.