ಖಾಲಿ ಹಗ್ಗ

ಮೊದಲು ಕೆಮ್ಮಿದ್ದು ಅಡುಗೆಮನೆಯ ನಲ್ಲಿ.
ಎರಡು ಸಲ ಕೆಮ್ಮಿ, ಕಂದು ನೀರು ಉಗುಳಿ,
ಆಮೇಲೆ ಬರೀ ಗಾಳಿ.
ನೆಲಮಾಳಿಗೆಯಲ್ಲಿ ಪಂಪು ಒಂದೇ ಸಮ ಗುಂಯ್ಗುಡುತ್ತಿತ್ತು.
ಉರ್ಬೇನ್ ಇದ್ದಿದ್ದರೆ ಓಡಿಹೋಗಿ ಆರಿಸುತ್ತಿದ್ದ;
ನಾನು ಕೈತುಂಬ ಸೋಪಿನ ನೊರೆ ಹಿಡಿದು
ಯಾರದೋ ಮನೆಯ ಸದ್ದೆಂಬಂತೆ ಕೇಳುತ್ತ ನಿಂತೆ.

ಬಾವಿಯ ಮುಚ್ಚಳ ಸರಿಸಿ
ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟೆ.
ಹದಿನೆಂಟು ಅಡಿ.
ಟಣ್ ಎಂದಿತು.
ಬಾವಿ ಟಣ್ ಎನ್ನಬಾರದು,
ಬುಳುಕ್ ಎನ್ನಬೇಕು.

ಕೊಲ್ಲಿ ಇಲ್ಲೇ ಇದೆ, ರಸ್ತೆಯಾಚೆ.
ದಿನಕ್ಕೆರಡು ಬಾರಿ ಬಂಡೆ ಹತ್ತಿ ಬಂದು
ಹೇಗಿದ್ದೀ ಎಂದು ಕೇಳಿ ಹಿಂದೆ ಸರಿಯುತ್ತದೆ.
ಕಡಲ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುತ್ತಾರಲ್ಲ,
ಉಪ್ಪಿಗೇನೂ ಬರವಿಲ್ಲ ತಾಯಿ ನಮ್ಮಲ್ಲಿ,
ಕಿಟಕಿಯ ಗಾಜಿನ ಮೇಲೂ ಇದೆ;
ಚಹಾಕ್ಕೊಂದು ಲೋಟ ನೀರು, ಅಷ್ಟೇ.

ಕಲಿತೆ.
ಆಲೂಗಡ್ಡೆ ತೊಳೆದ ನೀರಲ್ಲೇ ಕೈ ತೊಳೆದು
ಅದನ್ನೇ ಬಕೆಟ್ಟಿಗೆ ಸುರಿದು
ಬಕೆಟ್ಟಿನದನ್ನು ಕಕ್ಕಸಿಗೆ ಹೊಯ್ದು:
ಒಂದೇ ನೀರಿಗೆ ಮೂರು ಜನ್ಮ.
ಗುರುವಾರ ಹಾಕಿ ಅಂಗಣದಲ್ಲಿ ಊರಿಗೆಲ್ಲ ಸ್ನಾನ,
ತಲೆಗೆ ಮೂರು ನಿಮಿಷ.
ಪಕ್ಕದ ಪರದೆಯಾಚೆ ಶಾಲೆಯ ಹೆಡ್ಮೇಡಂ
ಶ್ರುತಿಯಿಲ್ಲದೆ ಹಾಡುತ್ತಿದ್ದಳು.
ಇನ್ನು ಅವಳಿಗೆ ಹೆದರುವುದು ನನ್ನಿಂದಾಗದು.

ಕೊಳವೆಬಾವಿಯವನ ಪಟ್ಟಿಯಲ್ಲಿ ನಾನು ನಲವತ್ತೊಂದನೆಯವಳು;
ಬಾಯಾರಿದ ಮೇಲೆ ಬಾವಿ ತೋಡುವವರೇ ನಾವೆಲ್ಲ.
ನವೆಂಬರಿಗೆ ಬರುತ್ತೇನೆ ಎಂದ.
ನವೆಂಬರಿಗೆ ಮಳೆಯೂ ಬರುತ್ತದಲ್ಲಪ್ಪ ಎಂದೆ.
ಹಾಗಾದರೆ ಹೆಸರು ಹೊಡೆದುಹಾಕಲೇ?
ಬೇಡ ಎಂದೆ.

ಬೇಲಿಯಾಚೆ ಝೆಲಿಯ ಮನೆ.
ಅವಳ ಬಾವಿ ತಗ್ಗಿನಲ್ಲಿದೆ, ಬತ್ತಿದ್ದನ್ನು ಕಂಡವರಿಲ್ಲ.
ನಮ್ಮಿಬ್ಬರ ಮಾತು ಬತ್ತಿ ಹತ್ತೊಂಬತ್ತು ವರ್ಷ.
ಅವಳ ಅಮೆದೇ, ನನ್ನ ಉರ್ಬೇನ್, ಇಬ್ಬರಿಗೂ ಸೇರಿ ಒಂದು ದೋಣಿ,
ಅದರ ಪಾಲಿನ ಲೆಕ್ಕ.
ದೋಣಿ ಕೊಳೆತು ಹೋಯಿತು, ಗಂಡಂದಿರೂ ಹೋದರು;
ಲೆಕ್ಕ ಮಾತ್ರ ಚೊಕ್ಕವಾಗಿ ಉಳಿದಿತ್ತು.
ಕೇಳಲಿಲ್ಲ ನಾನು.
ನೀರು ಕೇಳುವುದೆಂದರೆ ಮೊದಲು ಅವಳ ಹೆಸರು ಹೇಳಬೇಕು.

ಹದಿಮೂರನೆಯ ಬೆಳಗ್ಗೆ
ಜಗಲಿಯ ಮೆಟ್ಟಿಲ ಮೇಲೊಂದು ಪೈಪಿನ ತುದಿ ಮಲಗಿತ್ತು.
ಬಾಯಿಗೆ ಬ್ರೆಡ್ಡಿನ ಖಾಲಿ ಚೀಲ ತೊಡಿಸಿ
ರಬ್ಬರ್ ಬ್ಯಾಂಡ್ ಬಿಗಿದಿದ್ದರು, ಇರುವೆ ಹೋಗದಂತೆ.
ಹಿಡಿದು ನಡೆದೆ: ಹಸಿರು, ಆಮೇಲೆ ಕಪ್ಪು,
ಆಮೇಲೆ ಮಕ್ಕಳ ಈಜುಕೊಳದ ಹಳದಿ ತುಂಡು,
ಗಂಟುಗಳಿಗೆ ದೋಣಿಯ ಹುರಿ.
ಬೇಲಿಯಡಿ ನುಸುಳಿ, ಮುಳ್ಳುಪೊದೆ ಬಳಸಿ
ಅವಳ ಬಾಗಿಲಲ್ಲಿ ಮುಗಿಯಿತು.

"ಹನ್ನೆರಡು ದಿನ ನಿನ್ನ ಹಗ್ಗದ ಮೇಲೆ ಬಟ್ಟೆಯಿಲ್ಲ,"
ಎಂದಳು, ಕೂತಲ್ಲಿಂದ ಏಳದೆ.
"ಸತ್ತೆಯೇನೋ ಅಂದುಕೊಂಡೆ. ಸಂಜೆ ದೀಪ ಹತ್ತಿತು.
ಹಾಗಾದರೆ ನೀರೇ ಇರಬೇಕು."

ಮತ್ತೇನೂ ಹೇಳಲಿಲ್ಲ ಅವಳು.
ಆದರೆ ವಾಪಸು ಬರುವಾಗ ಹೊಳೆಯಿತು,
ಹತ್ತೊಂಬತ್ತು ವರ್ಷವೂ ಓದಿದ್ದಾಳೆ ನನ್ನ ಹಗ್ಗವನ್ನು:
ಮಗಳು ಹೆತ್ತು ಬಂದಾಗಿನ ಪುಟ್ಟ ಚೌಕಗಳನ್ನು,
ರಾತ್ರಿ ಪಾಳಿಯಲ್ಲಿ ನಾನು ಮೀನು ಸೀಳುತ್ತಿದ್ದಾಗಿನ ಏಪ್ರನ್ನುಗಳನ್ನು,
ಉರ್ಬೇನನ ಅಂಗಿ ಕೊನೆಯ ಸಲ ಒಣಗಿದ್ದು ಯಾವ ಮಂಗಳವಾರ
ಎಂಬುದೂ ಅವಳಿಗೆ ಗೊತ್ತು.

ಅವಳ ನೀರಿಗೆ ಕಬ್ಬಿಣದ ರುಚಿ.
ಚಹಾ ಕಪ್ಪಾಗುತ್ತದೆ, ಬಿಳಿ ಬಟ್ಟೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.
ಎಷ್ಟೋ ನಿಂಬೆ ಹಿಂಡಿ ನೋಡಿದೆ.

ಅಕ್ಟೋಬರಿನ ಎರಡನೆಯ ವಾರ ಮಳೆ ಹಿಡಿಯಿತು,
ನಾಲ್ಕು ದಿನ ಬಿಡಲಿಲ್ಲ.
ಗುಂಡು ಇಳಿಬಿಟ್ಟೆ.
ಬುಳುಕ್.

ಪೈಪು ಸುತ್ತಿ ಕೊಡಬೇಕು, ಹಿಮ ಬಿದ್ದರೆ ಒಡೆಯುತ್ತದೆ.
ಝೆಲಿಗೆ ಇನ್ನೂ ಹೇಳಿಲ್ಲ.
ಈ ಬೆಳಗ್ಗೆಯೂ ಮೂರು ದಿಂಬಿನ ಚೀಲ ಹರವಿದ್ದೇನೆ,
ಅವಳ ಕಿಟಕಿಗೆ ಕಾಣುವ ತುದಿಯಲ್ಲಿ,
ಮೂರೂ ತುಕ್ಕಿನ ಬಣ್ಣ.